ಹೊನ್ನೆಸರದ ಪೆಟ್ಟಿಗೆ ಹೇಳಿದ ಸುಳ್ಳು

ಶಿಲ್ಪಶ್ರೀಗೆ ನಾನು ಹೈಸ್ಕೂಲಿನಲ್ಲಿ ಮೂರು ವರ್ಷ ಗಣಿತ ಹೇಳಿಕೊಟ್ಟವನು. ಲೆಕ್ಕದ ಉತ್ತರ ಸರಿ ಬಂದಿದ್ದರೂ ನಡುವಿನ ಒಂದು ಹಂತ ಅರ್ಥವಾಗದಿದ್ದರೆ ಎದ್ದು ನಿಂತುಬಿಡುತ್ತಿದ್ದಳು. "ಉತ್ತರ ಬಂತಲ್ಲ, ಕೂತ್ಕೋ" ಅಂದರೆ ಕೂರುತ್ತಿರಲಿಲ್ಲ. ಪೀರಿಯಡ್ ಮುಗಿಯುವ ಹೊತ್ತಿಗೆ ನನಗೂ ತಲೆ ಕೆಟ್ಟಿರುತ್ತಿತ್ತು, ಅವಳಿಗೂ ಕೆಟ್ಟಿರುತ್ತಿತ್ತು.

ಈಗ ಅವಳಿಗೆ ನಲವತ್ತೆರಡು. ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನ ಹತ್ತಿರ, ಮೆಡಿಕಲ್ ಶಾಪಿನ ಮಹಡಿಯ ಮೇಲೆ ರಿಪೇರಿ ಅಂಗಡಿ ನಡೆಸುತ್ತಾಳೆ. ಅವಳ ತಂದೆ ಮಲ್ಲೇಶಪ್ಪ ಬಾಳೆಹೊನ್ನೂರಿನಿಂದ ಬಂದು ಅಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಶುರುಮಾಡಿದ್ದರು. ಮಗಳು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬಂದು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತಳು. ಕಂಪ್ಯೂಟರು, ಮೊಬೈಲು, ಇನ್ವರ್ಟರು, ಸಿಸಿ ಕ್ಯಾಮೆರಾ ಎಲ್ಲ ಅವಳ ಕೈಗೆ ಬರುತ್ತವೆ. ಮಲ್ಲೇಶಪ್ಪನವರಿಗೆ ಎಪ್ಪತ್ತಾರು. ಕಣ್ಣು ಮಂಜು, ಆದರೂ ದಿನಾ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಬಂದು ಕೂರುತ್ತಾರೆ. ಮಗಳ ಸಿಟ್ಟಿಗೆ ಹೆದರಿ ಹೋದ ಗಿರಾಕಿಗಳನ್ನು ಮೆಟ್ಟಿಲ ಹತ್ತಿರ ತಡೆದು ಸಮಾಧಾನ ಮಾಡಿ ಮತ್ತೆ ಮೇಲೆ ಕಳಿಸುವುದು ಅವರ ಈಗಿನ ಕೆಲಸ.

ನಾನಿರುವ ಹೊನ್ನೆಸರ ಅಲ್ಲಿಂದ ಹನ್ನೆರಡು ಕಿಲೋಮೀಟರ್ ದೂರ, ಭದ್ರಾ ಹಿನ್ನೀರಿನ ಅಂಚಿನಲ್ಲಿದೆ. ಆಚೆ ದಡದ ಕಾಡಿನಿಂದ ಆನೆ ನೀರು ದಾಟಿ ಗದ್ದೆಗೆ ಬರುತ್ತದೆ. ಮೊದಲು ವರ್ಷಕ್ಕೊಮ್ಮೆ ಬರುತ್ತಿದ್ದದ್ದು ಈಗ ತಿಂಗಳಿಗೆರಡು ಸಲ ಬರುತ್ತದೆ. ಹಾಗಾಗಿ ಊರಿನವರು ಸೇರಿ ಒಂದು ಸಮಿತಿ ಮಾಡಿಕೊಂಡು, ಶಿವಮೊಗ್ಗದ ಒಂದು ಸಣ್ಣ ಕಂಪನಿಯಿಂದ 'ಕಾವಲುದನಿ' ಎಂಬ ಪೆಟ್ಟಿಗೆಯೊಂದನ್ನು ತರಿಸಿ ಹಾಲಿನ ಡೈರಿಯ ಪಕ್ಕದ ಕೋಣೆಯಲ್ಲಿ ಇಟ್ಟಿದ್ದಾರೆ. ಆನೆ ಕಂಡವರು ಅದಕ್ಕೊಂದು ಫೋನ್ ಮಾಡಿ ಜಾಗದ ಸಂಖ್ಯೆ ಒತ್ತಿದರೆ ಸಾಕು. ಪಟ್ಟಿಯಲ್ಲಿರುವ ಎಲ್ಲರಿಗೂ ಪೆಟ್ಟಿಗೆಯೇ ಫೋನ್ ಮಾಡಿ, "ಸೇತುವೆ ಹತ್ತಿರ ಆನೆ ಇದೆ, ಆ ಕಡೆ ಹೋಗಬೇಡಿ" ಎಂದು ರೆಕಾರ್ಡ್ ಮಾಡಿಟ್ಟ ಹೆಂಗಸಿನ ದನಿಯಲ್ಲಿ ಹೇಳುತ್ತದೆ. ಅದನ್ನು ನೋಡಿಕೊಳ್ಳುವ ಜವಾಬ್ದಾರಿ ಶಿಲ್ಪಶ್ರೀಯದು. ಹೊಸ ನಂಬರ್ ಹಾಕುವುದು, ಹಳೆಯದನ್ನು ತೆಗೆಯುವುದು, ಬ್ಯಾಟರಿ ನೋಡುವುದು.

ಹೋದ ವರ್ಷ ಜುಲೈ ಎರಡನೇ ವಾರದ ಮಂಗಳವಾರ ಅವಳು ಬಂದು ಹದಿನಾಲ್ಕು ಹೊಸ ನಂಬರ್ ಹಾಕಿದಳು. ಅದರಲ್ಲಿ ಭೈರಮ್ಮನದೂ ಒಂದು. ಭೈರಮ್ಮ ನಮ್ಮೂರಿನ ಹೆಣ್ಣಾಳುಗಳ ಮುಂದಾಳು. ಯಾರ ತೋಟಕ್ಕೆ ಯಾವ ದಿನ ಎಷ್ಟು ಜನ ಎಂದು ತೀರ್ಮಾನಿಸುವವಳು ಅವಳೇ. ಬೆಳಗಿನ ಜಾವ ಎಲ್ಲರಿಗಿಂತ ಮೊದಲು ದಾರಿಗಿಳಿಯುವವಳೂ ಅವಳೇ. ಅವಳ ಹಳೆಯ ಸಿಮ್ ಕೆಟ್ಟು ಹೊಸದು ತೆಗೆದುಕೊಂಡಿದ್ದಳು.

ಪ್ರತಿ ನಂಬರ್ ಹಾಕಿದಾಗಲೂ ಪರದೆಯ ಮೇಲೆ ಹಸಿರು ಗುರುತು ಬಂತು. 'ಉಳಿಸಲಾಗಿದೆ.' ಶಿಲ್ಪಶ್ರೀ ಅಷ್ಟಕ್ಕೇ ನಂಬುವವಳಲ್ಲ. ಪೆಟ್ಟಿಗೆಯಿಂದ ಹದಿನಾಲ್ಕು ಜನರಿಗೂ ಫೋನ್ ಮಾಡಿಸಿದಳು. ಹದಿನಾಲ್ಕೂ ರಿಂಗಾದವು. ಭೈರಮ್ಮ ಅಲ್ಲೇ ಬಾಗಿಲಲ್ಲಿ ನಿಂತು ಫೋನ್ ಕಿವಿಗಿಟ್ಟುಕೊಂಡು, "ಹೆಂಗಸಿನ ದನಿ ಚೆನ್ನಾಗದೆ" ಅಂದು ಹೋದಳು.

ಗುರುವಾರ ಗಾಳಿಗೆ ಕಂಬ ಬಿದ್ದು ಹಗಲಿಡೀ ಕರೆಂಟ್ ಇರಲಿಲ್ಲ. ಪೆಟ್ಟಿಗೆಯ ಬ್ಯಾಟರಿ ಮುಗಿದು ಆರಿತು. ಸಂಜೆ ಕರೆಂಟ್ ಬಂದಾಗ ತಾನಾಗಿ ಮತ್ತೆ ಶುರುವಾಯಿತು.

ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಸೇತುವೆಯ ತಿರುವಿನಲ್ಲಿ ಒಂಟಿ ಗಂಡಾನೆ ನಿಂತಿರುವುದನ್ನು ಹಾಲು ತರುವವರೊಬ್ಬರು ಕಂಡು ಫೋನ್ ಮಾಡಿದರು. ಪೆಟ್ಟಿಗೆ ಊರಿನವರಿಗೆಲ್ಲ ಸುದ್ದಿ ಮುಟ್ಟಿಸಿತು. ನನಗೂ ಬಂತು. ಹೊಸ ಹದಿನಾಲ್ಕು ಜನರಿಗೆ ಬರಲಿಲ್ಲ. ಅವರಲ್ಲಿ ಹದಿಮೂರು ಜನ ಮನೆಯೊಳಗಿದ್ದರು. ಭೈರಮ್ಮ ಬುತ್ತಿ ಹಿಡಿದು ತಿರುವಿಗೆ ಬಂದಳು. ಇಪ್ಪತ್ತು ಮಾರು ದೂರದಲ್ಲಿ ಆನೆ ಕಿವಿ ಅಗಲಿಸಿತು. ಅವಳು ರಸ್ತೆ ಪಕ್ಕದ ಆಳವಾದ ಕಾಲುವೆಗೆ ಹಾರಿದಳು. ಆನೆ ಏನೂ ಮಾಡದೆ ಹೋಯಿತು, ಆದರೆ ಅವಳ ಎಡಗೈ ಮಣಿಕಟ್ಟು ಮುರಿಯಿತು, ಪಾದದ ಕೀಲಿನ ಮೂಳೆ ಎರಡು ಕಡೆ ಬಿರುಕು ಬಿಟ್ಟಿತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಬೇಕಾಯಿತು.

ಸಮಿತಿಯ ಅಧ್ಯಕ್ಷ ರಘುಪತಿ. ಸಹಕಾರಿ ಸಂಘದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಕೆಟ್ಟವರಲ್ಲ, ಆದರೆ ಏನಾದರೂ ಆದ ಐದು ನಿಮಿಷದಲ್ಲಿ ತಪ್ಪು ಯಾರದು ಎಂದು ತೀರ್ಮಾನವಾಗದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಪೆಟ್ಟಿಗೆಯ ಪರದೆ ನೋಡಿದರು. ಹದಿನಾಲ್ಕು ನಂಬರ್ ಇರಲಿಲ್ಲ. ಒಂಬತ್ತು ಗಂಟೆಗೆ ಅಂಗಡಿಯ ಮೆಟ್ಟಿಲು ಹತ್ತಿದರು.

"ಶಿಲ್ಪಶ್ರೀಯವ್ರೇ, ನೀವು ನಂಬರ್ ಹಾಕ್ಲೇ ಇಲ್ಲ. ಪಟ್ಟೀಲಿ ಇಲ್ವೇ ಇಲ್ಲ. ನಾನೇ ಕಣ್ಣಾರೆ ನೋಡ್ದೆ."

"ಹಾಕಿದೀನಿ ಸಾರ್. ಹಾಕಿ, ಒಂದೊಂದಕ್ಕೂ ರಿಂಗ್ ಮಾಡಿ ನೋಡಿದೀನಿ."

"ಹಂಗಾದ್ರೆ ಎಲ್ಲಿ ಹೋಯ್ತು? ಆನೆ ತಿಂತಾ?"

ಅವಳಿಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನಲು ಅವಳಿಗೆ ಬರುವುದಿಲ್ಲ. ಸುಮ್ಮನಿದ್ದಳು. ಆ ಮೌನವೇ ತಪ್ಪೊಪ್ಪಿಗೆಯಾಗಿ ಸಂಜೆಯೊಳಗೆ ಊರು ತುಂಬಿತು. ಮೊಬೈಲ್ ನೋಡಿಕೊಂಡು ಕೂತಿದ್ದಳಂತೆ, ಅರ್ಧ ಹಾಕಿ ಬಸ್ಸಿಗೆ ಓಡಿದಳಂತೆ. ರಿಂಗಾದದ್ದನ್ನು ಕಿವಿಯಾರೆ ಕೇಳಿದ್ದ ಭೈರಮ್ಮ ಆಸ್ಪತ್ರೆಯಲ್ಲಿದ್ದಳು. ಉಳಿದ ಹದಿಮೂರು ಜನರನ್ನು ಯಾರೂ ಕೇಳಲಿಲ್ಲ. ಒಬ್ಬನನ್ನು ನಾನು ಕೇಳಿದೆ. "ರಿಂಗಾಗಿತ್ತು ಸಾರ್, ಆದ್ರೆ ಆಮೇಲೆ ಅವ್ರೇ ಅಳಿಸಿರ್ಬೋದು" ಅಂದ.

ಶನಿವಾರ ಶಿಲ್ಪಶ್ರೀ ಹೊನ್ನೆಸರಕ್ಕೆ ಬಂದು ಪೆಟ್ಟಿಗೆ ಬಿಚ್ಚಿ, ಒಳಗಿನ ಮೆಮೊರಿ ಕಾರ್ಡ್ ತೆಗೆದುಕೊಂಡು, ಬದಲಿಗೆ ಇನ್ನೊಂದು ಹಾಕಿ ಹೋದಳು. ಅಂಗಡಿಯಲ್ಲಿ ಆ ಕಾರ್ಡನ್ನು ತನ್ನ ಕಂಪ್ಯೂಟರಿಗೆ ಹಾಕಿ ನೋಡಿದಳು. ಕಾರ್ಡಿನ ಒಂದು ಭಾಗ ಸವೆದುಹೋಗಿತ್ತು. ಹಳೆಯದನ್ನು ಓದಬಹುದು, ಹೊಸದು ಬರೆಯಲು ಆಗುವುದಿಲ್ಲ. ನಂಬರುಗಳ ಪಟ್ಟಿ ಇದ್ದದ್ದು ಆ ಭಾಗದಲ್ಲೇ. ಉಳಿದ ಕಡೆ ಕಾರ್ಡ್ ಚೆನ್ನಾಗಿತ್ತು, ಅಲ್ಲಿ ಪೆಟ್ಟಿಗೆ ತಾನು ಮಾಡಿದ್ದನ್ನೆಲ್ಲ ಹೊತ್ತಿನ ಸಮೇತ ಬರೆದಿಡುವ ದಿನಚರಿ ಉಳಿದಿತ್ತು. ಅದರಲ್ಲಿ ಆ ಮಂಗಳವಾರದ ಹನ್ನೊಂದು ಗಂಟೆ ನಲವತ್ತೆರಡು ನಿಮಿಷದ ಎರಡು ಸಾಲು ಒಂದರ ಕೆಳಗೊಂದು ಇದ್ದವು. ಮೊದಲನೆಯದು ಪೆಟ್ಟಿಗೆಯ ಕರ್ನಲ್ ಬರೆದದ್ದು: ಕಾರ್ಡಿಗೆ ಬರೆಯಲು ಆಗಲಿಲ್ಲ. ಎರಡನೆಯದು ಪಟ್ಟಿಯ ಪ್ರೋಗ್ರಾಂ ಬರೆದದ್ದು: ಉಳಿಸಲಾಗಿದೆ.

"ಅಪ್ಪಾಜಿ, ಇಲ್ ಬನ್ನಿ" ಎಂದು ಕೂಗಿದಳು. ಮಲ್ಲೇಶಪ್ಪನವರಿಗೆ ಪರದೆ ಕಾಣುವುದಿಲ್ಲ. ಓದಿ ಹೇಳಿದಳು.

"ಒಂದೇ ಪೆಟ್ಟಿಗೇಲಿ ಒಬ್ಬ ಆಗ್ಲಿಲ್ಲ ಅಂತಾನೆ, ಇನ್ನೊಬ್ಬ ಆಯ್ತು ಅಂತಾನಾ?" ಅಂದರು ಅವರು.

"ಅದೇ ನಂಗೂ ಉರೀತಿರದು."

ನನಗೆ ಅವಳು ಇದನ್ನು ಬಿಡಿಸಿ ಹೇಳಿದ್ದು ಹೀಗೆ. ಕರ್ನಲ್ ಅಂದರೆ ಪೆಟ್ಟಿಗೆಯ ಯಂತ್ರಭಾಗಗಳಿಗೂ ಮೇಲಿನ ಪ್ರೋಗ್ರಾಂಗಳಿಗೂ ನಡುವೆ ಇರುವ ಮೂಲ ತಂತ್ರಾಂಶ. ಪ್ರೋಗ್ರಾಂ ಕೊಟ್ಟದ್ದನ್ನು ಅದು ಮೊದಲು ತನ್ನ ತಾತ್ಕಾಲಿಕ ನೆನಪಿನಲ್ಲಿ ಇಟ್ಟುಕೊಂಡು, ಆಮೇಲೆ ಕಾರ್ಡಿಗೆ ಬರೆಯುತ್ತದೆ. ಕರೆಂಟ್ ಇರುವ ತನಕ ನೆನಪಿನಿಂದಲೇ ಓದಿ ಕೊಡುತ್ತದೆ. ಅದಕ್ಕೇ ಮಂಗಳವಾರ ಹದಿನಾಲ್ಕೂ ಫೋನು ರಿಂಗಾದವು. ಗುರುವಾರ ಪೆಟ್ಟಿಗೆ ಆರಿದಾಗ ನೆನಪು ಹೋಯಿತು, ಕಾರ್ಡಿನಲ್ಲಿ ಹಳೆಯ ಪಟ್ಟಿಯೇ ಇತ್ತು. ಹೀಗಾಗಬಾರದೆಂದೇ ಪ್ರೋಗ್ರಾಂ ಕರ್ನಲ್ಲನ್ನು, "ಇದು ನಿಜವಾಗಿ ಕಾರ್ಡಿಗೆ ಮುಟ್ಟಿತೇ?" ಎಂದು ಕೇಳುವ ಕ್ರಮವಿದೆ. ಕೇಳಿತ್ತು. ಮುಟ್ಟಿತು ಎಂಬ ಉತ್ತರವೂ ಬಂದಿತ್ತು.

ಸೋಮವಾರದಿಂದ ಅವಳ ಫೋನ್ ಯಾತ್ರೆ ಶುರುವಾಯಿತು. ಕಂಪನಿಯಲ್ಲಿ ದೂರು ಕೇಳುವವನು ಉಜ್ವಲ್ ಎಂಬ ಎಂಜಿನಿಯರ್.

"ಮೇಡಂ, ಬಾಕ್ಸ್ ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರಾ?"

"ಆಫ್ ಆಗಿ ಆನ್ ಆಗಿದ್ದಕ್ಕೇ ನಂಬರ್ ಹೋಗಿರದು ಮಾರಾಯ್ರೆ!"

"ಹಂಗಾದ್ರೆ ಕಾರ್ಡ್ ಹೋಗಿರುತ್ತೆ ಮೇಡಂ. ನಮ್ ಕಂಪನಿ ಕಾರ್ಡೇ ಹಾಕ್ಬೇಕು."

"ಇದು ನಿಮ್ ಕಂಪನಿ ಕಾರ್ಡೇ. ಹೋಗಿದೆ, ನಂಗೂ ಗೊತ್ತು. ಕಾರ್ಡ್ ಹೋಗದು ತಪ್ಪಲ್ಲ, ಒಂದಲ್ಲ ಒಂದ್ ದಿನ ಎಲ್ಲಾ ಕಾರ್ಡೂ ಹೋಗ್ತವೆ. ಹೋದ್ಮೇಲೂ ನಿಮ್ ಬಾಕ್ಸ್ ಸರಿ ಇದೆ ಅಂತು. ಅದ್ಯಾಕೆ ಹಂಗಂತು? ಅದನ್ನ ಹೇಳಿ."

"ಟಿಕೆಟ್ ರೈಸ್ ಮಾಡ್ತೀನಿ ಮೇಡಂ."

ಟಿಕೆಟ್ಟು, ಅಂದರೆ ದೂರಿನ ನೋಂದಣಿ, ಎದ್ದಿತು. ಎರಡು ದಿನಕ್ಕೆ 'ನಿಮ್ಮ ಸಮಸ್ಯೆ ಪರಿಹಾರವಾಗಿದೆ, ಕಾರ್ಡ್ ಬದಲಿಸಿ' ಎಂಬ ಸಂದೇಶ ಬಂತು. ಅದರ ಕೆಳಗೆ ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂಬ ಪ್ರಶ್ನೆ. ಅವಳು ಮತ್ತೆ ದೂರು ಕೊಟ್ಟಳು. ಮತ್ತೆ ಮುಚ್ಚಿದರು, ಮತ್ತೆ ನಕ್ಷತ್ರ ಕೇಳಿದರು. ಮೂರನೇ ಸಲ ನಕ್ಷತ್ರ ಕೇಳಿದ ದಿನ ಅವಳು ಫೋನನ್ನು ಬಟ್ಟೆಯ ಚೀಲದೊಳಗೆ ಹಾಕಿ ಚೀಲವನ್ನು ಅಪ್ಪನ ಕೈಗೆ ಕೊಟ್ಟು, "ಸಂಜೆವರ್ಗೂ ನಂಗೆ ಇದನ್ನ ಕೊಡಬೇಡಿ" ಅಂದಳಂತೆ.

ಅಷ್ಟರಲ್ಲಿ ಭೈರಮ್ಮ ಆಸ್ಪತ್ರೆಯಿಂದ ಬಂದಳು. ಶಿಲ್ಪಶ್ರೀ ಹಣ್ಣು ತೆಗೆದುಕೊಂಡು ನೋಡಲು ಹೋದಳು. ನಾನೂ ಜೊತೆಗಿದ್ದೆ. ಭೈರಮ್ಮ ಕಾಲನ್ನು ದಿಂಬಿನ ಮೇಲೆ ಇಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದಳು.

"ನಂಬರ್ ಹಾಕಿಲ್ಲ ಅಂತ ಅಧ್ಯಕ್ಷರು ಹೇಳ್ತಿದ್ರು" ಅಂದಳು.

"ಹಾಕಿದ್ದೆ ಭೈರಮ್ಮ. ನೀವೇ ಇದ್ರಲ್ಲ."

"ಇದ್ದೆ. ರಿಂಗಾಗಿದ್ದೂ ಹೌದು. ಅದಕ್ಕೇ ಕಣಮ್ಮ ನಂಗೆ ಸಿಟ್ಟು. ಆ ಪೆಟ್ಟಿಗೆ ಇಲ್ದಿದ್ರೆ ನಾನು ತಿರುವಲ್ಲಿ ನಿಂತು, ಕೆಮ್ಮಿ, ಕಿವಿಗೊಟ್ಟು ಹೋಗ್ತಿದ್ದೆ. ಮೂವತ್ ವರ್ಷ ಹಂಗೇ ಹೋಗಿದೀನಿ. ಅವತ್ತು ಫೋನ್ ಬರ್ಲಿಲ್ಲ, ಆನೆ ಇಲ್ಲ ಅಂದ್ಕೊಂಡು ಸೀದಾ ಹೋದೆ."

ವಾಪಸು ಬರುವಾಗ ದಾರಿಯಲ್ಲಿ ಶಿಲ್ಪಶ್ರೀ, "ಅವ್ರು ಬೈದಿದ್ರೆ ಸುಲಭ ಆಗ್ತಿತ್ತು ಸಾರ್" ಅಂದಳು.

ಆಗಸ್ಟ್ ಮೊದಲ ಭಾನುವಾರ ಸಮಿತಿಯ ಸಭೆ. ಪೆಟ್ಟಿಗೆಯ ಉಸ್ತುವಾರಿಯನ್ನು ಕೊಪ್ಪದ ಬೇರೊಬ್ಬರಿಗೆ ಕೊಡಬೇಕು ಎಂಬುದು ವಿಷಯ. ಶಿಲ್ಪಶ್ರೀ ಕರೆಯದಿದ್ದರೂ ಬಂದಳು. ಸವೆದ ಕಾರ್ಡನ್ನು ಎಲ್ಲರ ಎದುರಿಗೆ ಪೆಟ್ಟಿಗೆಗೆ ಹಾಕಿದಳು.

"ಅಧ್ಯಕ್ಷರೇ, ನಿಮ್ ಹತ್ರ ಇನ್ನೊಂದು ಫೋನ್ ಇದೆಯಲ್ಲ, ಅದರ ನಂಬರ್ ಹೇಳಿ."

"ಯಾಕೆ?"

"ಹೇಳಿ ಸಾರ್, ನೀವೇ ಬಂದು ನಿಮ್ಮ ಕೈಯಾರೆ ಹಾಕಿ."

ರಘುಪತಿ ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಅಂಕಿ ಒತ್ತಿದರು. ಹಸಿರು ಗುರುತು ಬಂತು. ಉಳಿಸಲಾಗಿದೆ. ಪರೀಕ್ಷೆಯ ಗುಂಡಿ ಒತ್ತಿಸಿದಳು. ಅವರ ಜೇಬಿನಲ್ಲಿ ಫೋನ್ ರಿಂಗಾಯಿತು. "ಇದರಲ್ಲಿ ಎಂತ ಇದೆ, ಸರಿಯಾಗೇ ಇದೆಯಲ್ಲ" ಅಂದರು. ಅವಳು ಪೆಟ್ಟಿಗೆಯ ವೈರ್ ಕಿತ್ತು, ಬ್ಯಾಟರಿ ತೆಗೆದು, ನೂರರ ತನಕ ಎಣಿಸಿ, ಎಲ್ಲ ಮೊದಲಿನಂತೆ ಹಾಕಿದಳು. "ಈಗ ಒತ್ತಿ" ಅಂದಳು.

ಅವರು ಮತ್ತೆ ಪರೀಕ್ಷೆಯ ಗುಂಡಿ ಒತ್ತಿದರು. ಫೋನ್ ರಿಂಗಾಗಲಿಲ್ಲ. ರಘುಪತಿ ಫೋನನ್ನು ಜೇಬಿನಿಂದ ತೆಗೆದು ನೋಡಿದರು, ಅಲ್ಲಾಡಿಸಿದರು. ಪರದೆಯ ಪಟ್ಟಿಯನ್ನು ಬೆರಳಿಟ್ಟು ಕೆಳಗಿನವರೆಗೆ ಹುಡುಕಿದರು.

"ನಂದೂ ಹೋಯ್ತಲ್ಲ!"

"ಹೋಯ್ತು. ನಾನು ಅಳಿಸಿದ್ನಾ?"

ರಘುಪತಿಯವರ ಒಳ್ಳೆಯ ಗುಣವೆಂದರೆ ತಪ್ಪು ಯಾರದು ಎಂಬ ತೀರ್ಮಾನವನ್ನು ಎಷ್ಟು ಬೇಗ ಮಾಡುತ್ತಾರೋ ಅಷ್ಟೇ ಬೇಗ ಬದಲಿಸುತ್ತಾರೆ. ಎಲ್ಲರೆದುರಿಗೆ, "ನಂದು ತಪ್ಪಾಯ್ತು, ಮನಸಿಗೆ ಹಚ್ಕೋಬೇಡಿ" ಅಂದರು. ಆಮೇಲೆ, "ಅಂದ್ರೆ ಕಾರ್ಡಿನ ದೋಷ. ಹೊಸ ಕಾರ್ಡ್ ಹಾಕಿದ್ರೆ ಆಯ್ತಲ್ಲ, ಮುಗೀತು" ಎಂದು ಸಭೆ ಮುಗಿಸಲು ಹೊರಟರು.

ಅವಳು ಹಣೆ ಹಿಡಿದುಕೊಂಡಳು. "ಮುಗೀಲಿಲ್ಲ ಸಾರ್. ಹೊಸ ಕಾರ್ಡೂ ಎರಡು ವರ್ಷಕ್ಕೆ ಹೋಗುತ್ತೆ. ಅವತ್ತೂ ಇದು ಹಸಿರೇ ತೋರ್ಸುತ್ತೆ. ಕಾರ್ಡಿನ ಡ್ರೈವರ್ ಸುಳ್ಳು ಹೇಳ್ತಿದೆ."

"ಯಾವ ಡ್ರೈವರ್? ಗಾಡಿ ತಂದವನಾ?"

ಕರ್ನಲ್ಲಿನೊಳಗೆ ಕಾರ್ಡಿನ ಜೊತೆ ಮಾತಾಡುವ ಭಾಗಕ್ಕೆ ಡ್ರೈವರ್ ಎಂದು ಹೆಸರು ಎಂಬುದನ್ನು ಅವಳು ಹೇಳುವಷ್ಟರಲ್ಲಿ ಅರ್ಧ ಜನ ಚಹಾ ಕುಡಿಯಲು ಎದ್ದಿದ್ದರು. ಅವಳ ಹೆಸರು ಚೊಕ್ಕವಾಗಿತ್ತು, ಊರಿಗೆ ಅಷ್ಟು ಸಾಕಾಗಿತ್ತು. ಅವಳಿಗೆ ಸಾಕಾಗಲಿಲ್ಲ.

ಆ ಕರ್ನಲ್ಲಿನ ಕೋಡ್ ಯಾರು ಬೇಕಾದರೂ ಓದಿ ತಿದ್ದಬಹುದಾದಂಥದ್ದು. ಅದನ್ನು ಬಳಸಿ ಪೆಟ್ಟಿಗೆ ಮಾರಿದವರು, ಕೇಳಿದ ಗಿರಾಕಿಗೆ ತಾವು ತಿದ್ದಿದ ಕೋಡ್ ಕೊಡಬೇಕು ಎಂಬ ನಿಯಮವಿದೆ. ಅವಳು ಉಜ್ವಲನಿಗೆ ಏಳು ಮೇಲ್ ಕಳಿಸಿ ಅದನ್ನು ತರಿಸಿಕೊಂಡಳು. ಡ್ರೈವರ್ ಮೂರು ಸಾವಿರ ಸಾಲಿನದು. ಅವಳಿಗೆ ಅದನ್ನು ಬರೆದ ಕಂಪ್ಯೂಟರ್ ಭಾಷೆ ಡಿಪ್ಲೊಮಾದಲ್ಲಿ ಕಲಿತಷ್ಟು ಮಾತ್ರ ಗೊತ್ತಿತ್ತು. ಮಧ್ಯಾಹ್ನ ಗಿರಾಕಿಗಳಿಲ್ಲದ ಎರಡು ಗಂಟೆ ಅದನ್ನೇ ಓದುತ್ತಾ ಕೂತಳು. ಯಾರಾದರೂ ಬಂದು, "ಅಕ್ಕಾ, ಚಾರ್ಜರ್ ಪಿನ್ ಲೂಸಾಗಿದೆ" ಅಂದರೆ ಎಷ್ಟನೇ ಸಾಲಿನಲ್ಲಿದ್ದೆ ಎಂಬುದೇ ಮರೆತುಹೋಗುತ್ತಿತ್ತು. ಕಡೆಗೆ ಮಲ್ಲೇಶಪ್ಪ ಆ ಎರಡು ಗಂಟೆ ಮೆಟ್ಟಿಲ ಮೇಲೆ ಕುರ್ಚಿ ಹಾಕಿ ಕೂತು ಬಂದವರನ್ನು ಕೆಳಗೇ ಮಾತಾಡಿಸತೊಡಗಿದರು.

ಹನ್ನೊಂದನೇ ದಿನ ಸಿಕ್ಕಿತು. ಕಾರ್ಡ್ "ಬರೆಯಲಾಗಲಿಲ್ಲ" ಎಂದು ಹೇಳಿದರೆ ಡ್ರೈವರ್ ಮೂರು ಸಲ ಪ್ರಯತ್ನಿಸುತ್ತಿತ್ತು. ಮೂರೂ ಸಲ ಆಗದಿದ್ದರೆ ದಿನಚರಿಯಲ್ಲಿ ಒಂದು ಸಾಲು ಬರೆದು, ಕೇಳಿದವರಿಗೆ ಸೊನ್ನೆ ಎಂದು ಉತ್ತರ ಕೊಡುತ್ತಿತ್ತು. ಅಲ್ಲಿ ಸೊನ್ನೆ ಅಂದರೆ ಎಲ್ಲ ಸರಿಯಿದೆ ಎಂದರ್ಥ. ಆ ಸಾಲಿನ ಪಕ್ಕದಲ್ಲಿ ಯಾರೋ ಟಿಪ್ಪಣಿ ಬರೆದಿದ್ದರು: 'ಡೆಮೋ ನಡೆಯುವಾಗ ಪರದೆ ನಿಂತುಬಿಡುತ್ತಿದೆ, ಸದ್ಯಕ್ಕೆ ಹೀಗಿರಲಿ.' ಆರು ವರ್ಷದ ಹಿಂದಿನದು.

"ಸದ್ಯಕ್ಕಂತೆ ಅಪ್ಪಾಜಿ! ಸದ್ಯಕ್ಕೆ! ಯಾರಿಗೋ ತೋರ್ಸುವಾಗ ಮಾನ ಹೋಗಬಾರದು ಅಂತ ಒಂದು ಸೊನ್ನೆ ಹಾಕಿದಾನೆ. ಭೈರಮ್ಮನ ಕೈ ಮುರಿದಿದ್ದು ಇವನ ಸೊನ್ನೆಯಿಂದ."

"ತಿದ್ದಿದ್ರಾಯ್ತು. ನೀನ್ಯಾಕೆ ಬಿಪಿ ಏರಿಸ್ಕೊಳ್ತೀ."

ತಿದ್ದಿದಳು. ಸೊನ್ನೆಯ ಜಾಗದಲ್ಲಿ 'ಬರೆಯುವಲ್ಲಿ ದೋಷ' ಎಂಬ ಸಂಕೇತವನ್ನು ಇಟ್ಟು, ತಿದ್ದಿದ ಕೋಡಿನಿಂದ ಕರ್ನಲ್ಲನ್ನು ಹೊಸದಾಗಿ ಸಿದ್ಧಮಾಡಿ, ಪೆಟ್ಟಿಗೆಯನ್ನು ಒಂದು ದಿನದ ಮಟ್ಟಿಗೆ ಅಂಗಡಿಗೆ ತಂದು, ಸವೆದ ಕಾರ್ಡನ್ನು ಹಾಕಿ, ಒಂದು ನಂಬರ್ ಒತ್ತಿದಳು. ಪರದೆಯ ಮೇಲೆ ಮೊದಲ ಸಲ ಕೆಂಪು ಬಂತು: 'ಉಳಿಸಲಾಗಲಿಲ್ಲ, ಮತ್ತೆ ಪ್ರಯತ್ನಿಸಲಾಗುತ್ತಿದೆ.' ಎರಡು ತಿಂಗಳ ಮೇಲೆ ಅವಳು ಮನಸಾರೆ ಉಸಿರು ಬಿಟ್ಟಳು. ಆ ಉಸಿರು ಮುಗಿಯುವುದರೊಳಗೆ ಕೆಂಪು ಹೋಗಿ ಹಸಿರು ಬಂತು. ಉಳಿಸಲಾಗಿದೆ.

ವೈರ್ ಕಿತ್ತು, ಹಾಕಿ ನೋಡಿದಳು. ನಂಬರ್ ಇರಲಿಲ್ಲ.

ನಾನು ಅವತ್ತು ರಿಪೇರಿಗೆ ಕೊಟ್ಟಿದ್ದ ಟಾರ್ಚ್ ತರಲು ಹೋಗಿದ್ದೆ. ಅವಳು ನನ್ನನ್ನು ನೋಡಿ, "ಸಾರ್, ಅಂಗಡಿ ಮುಚ್ಚಿ ಹಪ್ಪಳ ಮಾಡ್ತೀನಿ ಇನ್ನು" ಅಂದಳು. ಟಾರ್ಚನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ. ವಾಪಸು ಬಂದೆ.

ಎರಡನೇ ಸುಳ್ಳನ್ನು ಹಿಡಿಯಲು ಇನ್ನೂ ಹತ್ತು ದಿನ ಬೇಕಾಯಿತು. ಅದನ್ನು ಸುಳ್ಳು ಅನ್ನುವುದೂ ಕಷ್ಟ. ಕಾರ್ಡಿಗೆ ಬರೆಯಲು ಆಗದಿದ್ದಾಗ ಕರ್ನಲ್ ಆ ಸುದ್ದಿಯನ್ನು ಪ್ರೋಗ್ರಾಂಗೆ ಒಂದೇ ಸಲ ಹೇಳುತ್ತದೆ. ಹೇಳಿದ ಮೇಲೆ, ಆ ಬರಹ ಇನ್ನು ಬರೆಯಬೇಕಾದವುಗಳ ಸಾಲಿನಲ್ಲಿ ಇರುವುದಿಲ್ಲ. ಪ್ರೋಗ್ರಾಂ ಪಟ್ಟಿಯನ್ನು ಮತ್ತೊಮ್ಮೆ ಬರೆಯದೆ, "ಮುಟ್ಟಿತೇ?" ಎಂದು ಬರೀ ಕೇಳಿದರೆ, ಬರೆಯಲು ಬಾಕಿ ಏನೂ ಇಲ್ಲವಾದ್ದರಿಂದ ಸರಿಯಿದೆ ಎಂಬ ಉತ್ತರವೇ ಬರುತ್ತದೆ. ಕಂಪನಿಯ ಪ್ರೋಗ್ರಾಂ ಮಾಡುತ್ತಿದ್ದದ್ದು ಅದನ್ನೇ. ಬರೆಯುವುದನ್ನು ಬಿಟ್ಟು, ಕೇಳುವುದನ್ನು ಮಾತ್ರ ಮತ್ತೆ ಮಾಡುತ್ತಿತ್ತು. ಕರ್ನಲ್ ಹೀಗೆ ನಡೆದುಕೊಳ್ಳುತ್ತದೆ ಎಂಬುದನ್ನು ತಿಳಿದವರು ಬರೆದಿಟ್ಟಿದ್ದರು. ಕಂಪನಿಯವರು ಓದಿರಲಿಲ್ಲ.

ಡ್ರೈವರನ್ನು ಅವಳು ತಿದ್ದಬಹುದಿತ್ತು. ಪ್ರೋಗ್ರಾಂ ಕಂಪನಿಯ ಸ್ವಂತದ್ದು, ಅದರ ಕೋಡ್ ಅವಳ ಕೈಲಿರಲಿಲ್ಲ. ಮತ್ತೆ ಉಜ್ವಲನಿಗೆ ಫೋನ್.

"ಮೇಡಂ, ಒಂದ್ಸಲ ಕೆಂಪು ಬರ್ತಿದೆ ಅಂದ್ರಲ್ಲ, ಅದು ಸರಿ ಆದಂಗೇ ಅಲ್ವಾ?"

"ಎರಡು ಸೆಕೆಂಡ್ ಕೆಂಪು, ಆಮೇಲೆ ಜೀವಮಾನ ಪೂರ್ತಿ ಹಸಿರು! ಉಜ್ವಲ್, ನಿಮಗೆ ಇದು ಫೋನಲ್ಲಿ ಅರ್ಥ ಆಗಲ್ಲ. ಬಸ್ ಹತ್ತಿ ಇಲ್ಲಿಗೆ ಬನ್ನಿ. ಇಲ್ಲಾಂದ್ರೆ ಸಮಿತಿಯವ್ರನ್ನೆಲ್ಲ ಗಾಡೀಲಿ ತುಂಬ್ಕೊಂಡು ನಾನೇ ಅಲ್ಲಿಗೆ ಬರ್ತೀನಿ."

ಅವನು ಬಂದ. ಮೂವತ್ತರ ಆಸುಪಾಸಿನ, ಬಡಕಲು, ನಿದ್ದೆಗೆಟ್ಟ ಮುಖದವನು. ಬಂದ ಮೇಲೆ ತಿಳಿಯಿತು, ಕಂಪನಿಯಲ್ಲಿ ಇದ್ದದ್ದು ನಾಲ್ಕೇ ಜನ. ದೂರು ಕೇಳುವವನು, ಕೋಡ್ ಬರೆಯುವವನು, ಪೆಟ್ಟಿಗೆಯನ್ನು ಪ್ಯಾಕ್ ಮಾಡುವವನು ಎಲ್ಲ ಇವನೇ. ನಕ್ಷತ್ರ ಕೇಳುವ ಸಂದೇಶ ತಾನಾಗಿ ಹೋಗುತ್ತಿತ್ತು, ಅದನ್ನು ನಿಲ್ಲಿಸುವುದು ಹೇಗೆಂದು ಅವನಿಗೂ ಗೊತ್ತಿರಲಿಲ್ಲ. ಆ ಸೊನ್ನೆ ಹಾಕಿದ್ದು ಅವನಿಗಿಂತ ಮುಂಚೆ ಇದ್ದವರು ಯಾರೋ.

ಶಿಲ್ಪಶ್ರೀ ಮೊದಲು ಅವನನ್ನು ಭೈರಮ್ಮನ ಮನೆಗೆ ಕರೆದುಕೊಂಡು ಹೋದಳು. ಭೈರಮ್ಮನ ಕೈಯ ಪಟ್ಟಿ ಬಿಚ್ಚಿದ್ದರೂ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ. ಅಂಥ ಕೈಯಲ್ಲೇ ಚಹಾ ಲೋಟ ಹಿಡಿದು ಕೊಟ್ಟಳು. ಅವನು ಲೋಟ ತೆಗೆದುಕೊಂಡು ಕುಡಿಯದೆ ಹಾಗೇ ಕೂತಿದ್ದ.

ಅಂಗಡಿಗೆ ಬಂದು ಮೂರು ದಿನ ಇಬ್ಬರೂ ಮೇಜಿನ ಎರಡು ತುದಿಯಲ್ಲಿ ಕೂತು ಜಗಳವಾಡಿದರು. ದೋಷವೆಂದು ಒಂದು ಸಲ ಕೇಳಿಬಂದರೆ ಆ ಜಾಗವನ್ನು ಮತ್ತೆ ನಂಬಬಾರದು ಎಂದು ಅವಳು. ಗಿರಾಕಿ ಹೆದರುತ್ತಾನೆ, ಕೆಂಪು ಪದೇಪದೇ ಬಂದರೆ ಪೆಟ್ಟಿಗೆಯೇ ಕೆಟ್ಟಿದೆ ಅನ್ನುತ್ತಾನೆ ಎಂದು ಅವನು. "ಕೆಟ್ಟಿದೆ ಅಂತ ಅನ್ಲಿ! ಕೆಟ್ಟಿದ್ದಕ್ಕೆ ಕೆಟ್ಟಿದೆ ಅಂದ್ರೆ ತಪ್ಪೇನು?" ಎಂದು ಅವಳು ಕಿರುಚಿದ್ದು ಕೆಳಗಿನ ಮೆಡಿಕಲ್ ಶಾಪಿಗೂ ಕೇಳಿಸಿತಂತೆ. ಕಡೆಗೆ ಹೀಗೆ ಮಾಡಿದರು. ಬರೆಯಲು ಆಗದಿದ್ದರೆ ಪೂರ್ತಿ ಪಟ್ಟಿಯನ್ನು ಕಾರ್ಡಿನ ಬೇರೆ ಜಾಗದಲ್ಲಿ ಹೊಸದಾಗಿ ಬರೆಯುವುದು. ಬರೆದದ್ದನ್ನು ನೆನಪಿನಿಂದಲ್ಲ, ಕಾರ್ಡಿನಿಂದಲೇ ಓದಿ ತಾಳೆ ನೋಡುವುದು. ಅದೂ ಆಗದಿದ್ದರೆ ಕೆಂಪು ಹಾಗೇ ನಿಲ್ಲಬೇಕು, ಜೊತೆಗೆ ಅಧ್ಯಕ್ಷರಿಗೂ ಶಿಲ್ಪಶ್ರೀಗೂ ಪೆಟ್ಟಿಗೆಯೇ ಫೋನ್ ಮಾಡಿ ತಿಳಿಸಬೇಕು.

ಅಂಥ ಪೆಟ್ಟಿಗೆಗಳು ಮೂರು ತಾಲೂಕಿನಲ್ಲಿ ನಲವತ್ತೊಂದು ಇದ್ದವು. ಉಜ್ವಲ್ ಒಬ್ಬನೇ ಎಲ್ಲ ಕಡೆ ಹೋಗಲಾರ ಎಂದು ಅವಳೂ ಕೆಲವು ಊರು ಹಂಚಿಕೊಂಡಳು. ಶೃಂಗೇರಿ ಹತ್ತಿರದ ಮೆಣಸೆಯಲ್ಲಿ ಹೊಸ ತಂತ್ರಾಂಶ ಹಾಕಿದ ಮರುಕ್ಷಣ ಕೆಂಪು ಬಂತು. ಅಲ್ಲಿನ ಕಾರ್ಡ್ ಯಾವಾಗ ಸವೆದಿತ್ತೋ ಯಾರಿಗೂ ಗೊತ್ತಿಲ್ಲ. ಅಲ್ಲಿಯವರು, "ಇಷ್ಟು ದಿನ ಸರಿಯಾಗಿತ್ತು, ನೀವು ಬಂದು ಮುಟ್ಟಿ ಹಾಳು ಮಾಡಿದ್ರಿ" ಎಂದು ಅವಳ ಮೇಲೇ ರೇಗಿದರು. ಕೆರೆಕಟ್ಟೆಯಲ್ಲಿ ಬಸ್ ತಪ್ಪಿ, ಜೀಪಿಗಾಗಿ ಮೂರು ಗಂಟೆ ಕಾದು, ತೊಯ್ದು ಮನೆಗೆ ಬಂದಳು. ಒಟ್ಟು ನಾಲ್ಕು ಕಡೆ ಕಾರ್ಡ್ ಸತ್ತಿದ್ದರೂ ಪರದೆಯಲ್ಲಿ ಹಸಿರಿತ್ತು.

ಇದರ ನಡುವೆ ಅವಳಿಗೆ ಇನ್ನೊಂದು ತೂತು ಕಂಡಿತ್ತು. ಅದು ಕಂಪನಿಯವರು ಮಾಡಿದ್ದಲ್ಲ, ಮೂಲ ಡ್ರೈವರಿನಲ್ಲೇ ಇದ್ದದ್ದು. ಎಂಟು ತುಂಡು ಬರೆಯಲು ಹೇಳಿದಾಗ ಐದನೆಯದರಲ್ಲಿ ತಪ್ಪಾದರೆ, ಕೆಲವೊಮ್ಮೆ ಎಂಟೂ ಆಯಿತೆಂದು ಅದು ಹೇಳುತ್ತಿತ್ತು. ಆ ಡ್ರೈವರನ್ನು ನೋಡಿಕೊಳ್ಳುವವರು ಎಲ್ಲೋ ದೂರದೇಶದವರು. ಅವರಿಗೆ ತಿದ್ದುಪಡಿ ಕಳಿಸಿದಳು. ಸಾಲುಗಳ ನಡುವಿನ ಜಾಗ ಸರಿಯಿಲ್ಲ ಎಂದು ಒಂದು ಸಲ ವಾಪಸು ಬಂತು. ವಿವರಣೆ ಸಾಲದು ಎಂದು ಇನ್ನೊಂದು ಸಲ. ಮೂರನೇ ಸಲ ಐದು ವಾರ ಉತ್ತರವೇ ಇಲ್ಲ. ನಾಲ್ಕನೇ ಸಲಕ್ಕೆ ಒಂದೇ ಪದದ ಉತ್ತರ: ಸೇರಿಸಲಾಗಿದೆ.

"ನಿನ್ ಹೆಸರು ಹಾಕ್ತಾರಂತಾ?" ಎಂದು ಮಲ್ಲೇಶಪ್ಪ ಕೇಳಿದರು.

"ಹಾಕಿದಾರೆ. ನಾಲ್ಕು ಸಾಲು ತಿದ್ದಿದ್ದಕ್ಕೆ."

"ಎಲ್ಲಿ, ಓದು."

ಅವಳು ತನ್ನ ಹೆಸರನ್ನೂ ಊರಿನ ಹೆಸರನ್ನೂ ಓದಿದಳು. ಅವರು ಎದ್ದು ಕೆಳಗಿಳಿದು ಬೇಕರಿಯಿಂದ ಎರಡು ದಿಲ್‌ಪಸಂದ್ ತಂದರು. ಯಾಕೆಂದು ಹೇಳಲಿಲ್ಲ.

ಈ ವರ್ಷ ಜನವರಿಯಲ್ಲಿ ಆನೆ ಮತ್ತೆ ಬಂತು, ಈ ಸಲ ಮರಿಯ ಜೊತೆ. ಬೆಳಿಗ್ಗೆ ಐದೂಮುಕ್ಕಾಲಿಗೆ ನನ್ನ ಫೋನ್ ರಿಂಗಾಯಿತು. ಭೈರಮ್ಮ ಕೋಲೂರಿಕೊಂಡು ನಡೆಯುವಂತಾಗಿದ್ದಳು. ಕೊಯ್ಲಿನ ಕೆಲಸಕ್ಕೆ ಹೋಗಲಾಗದಿದ್ದರೂ ಆಳುಗಳನ್ನು ಹೊಂದಿಸಲು ಮನೆಮನೆಗೆ ಹೋಗಿ ಬರುತ್ತಿದ್ದಳು. ಅವತ್ತು ಫೋನ್ ಬಂದದ್ದೇ ಅಂಗಳದಿಂದ ಒಳಗೆ ಬಂದು ಬಾಗಿಲು ಹಾಕಿಕೊಂಡು, ತನ್ನ ಒಂಬತ್ತು ಹೆಂಗಸರಿಗೂ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಎಲ್ಲರಿಗೂ ಆಗಲೇ ಗೊತ್ತಾಗಿತ್ತು. ಆನೆಗಳು ಎರಡು ಗದ್ದೆ ತುಳಿದು ಎಂಟು ಗಂಟೆಗೆ ನೀರಿಗಿಳಿದವು.

ಅಷ್ಟಾದ ಮೇಲೆ ಭೈರಮ್ಮ ಶಿಲ್ಪಶ್ರೀಗೆ ಫೋನ್ ಮಾಡಿದಳು. ಅಂಗಡಿಯಲ್ಲಿ ನಾನಿದ್ದೆ, ಕಡೆಗೂ ಟಾರ್ಚ್ ತೆಗೆದುಕೊಂಡು ಹೋಗಲು. ಅವಳು ಸ್ಪೀಕರಿಗೆ ಹಾಕಿದಳು.

"ಬಂತು ಕಣಮ್ಮ ಫೋನು."

"ಬಂತಲ್ಲ ಭೈರಮ್ಮ, ಸಾಕು."

"ಎಂತ ಸಾಕು? ಆ ಹೆಂಗಸು ಎಷ್ಟು ಬೇಗ ಮಾತಾಡ್ತಾಳೆ! ಸೇತುವೆ ಅಂದ್ಳಾ, ಶಾಲೆ ಅಂದ್ಳಾ, ನಂಗೆ ತಿಳೀಲೇ ಇಲ್ಲ. ಎರಡು ಸಲ ಹೇಳೋಕೇನು ಅವಳಿಗೆ? ನೀನು ಬಂದು ಅದನ್ನ ಸರಿ ಮಾಡು. ಮತ್ತೆ ಆ ಶಿವಮೊಗ್ಗದವನಿಗೆ ಹೇಳು, ಅವತ್ತು ಕೊಟ್ಟ ಚಹಾನ ಕುಡೀದೇ ಹೋಗಿದಾನೆ."

ಶಿಲ್ಪಶ್ರೀ ಸ್ಕ್ರೂ ಡ್ರೈವರನ್ನು ಮೇಜಿನ ಮೇಲೆ ಕುಕ್ಕಿದಳು. "ಈ ಊರಲ್ಲಿ ಒಬ್ರಿಗೂ ತೃಪ್ತಿ ಅನ್ನೋದಿಲ್ಲ ಸಾರ್" ಎಂದು ನನಗೆ ಹೇಳಿ, ಉಜ್ವಲನ ನಂಬರ್ ಒತ್ತಿದಳು.